ಲಿನಕ್ಸ್‌ನಲ್ಲಿ ಹೋಮ್ ಡೈರೆಕ್ಟರಿಯನ್ನು ಪ್ರತ್ಯೇಕ ಪಾರ್ಟಿಶನ್‌ಗೆ ಸ್ಥಳಾಂತರಿಸುವ ಕ್ರಮ

ಲಿನಕ್ಸ್ ಅನ್ನು ಮೊದಲ ಸಲ ಅನುಸ್ಥಾಪಿಸುವಾಗ ಬಹುತೇಕರು ಇಡೀ ಡಿಸ್ಕನ್ನು ಅಳಿಸಿ ಹೊಸದಾಗಿ ಹಾಕುವ ಆಯ್ಕೆಯನ್ನೇ ಒತ್ತಿರುತ್ತಾರೆ. ಆಗ ಆಪರೇಟಿಂಗ್ ಸಿಸ್ಟಮ್, ಪ್ರೋಗ್ರಾಮುಗಳು, ನಮ್ಮ ಬರಹಗಳು, ಫೋಟೋಗಳು ಎಲ್ಲವೂ ಒಂದೇ ಪಾರ್ಟಿಶನ್‌ನಲ್ಲಿ, ಅಂದರೆ ಡಿಸ್ಕಿನ ಒಂದೇ ಭಾಗದಲ್ಲಿ, ಸೇರಿಕೊಳ್ಳುತ್ತವೆ. ಒಂದೆರಡು ವರ್ಷ ಇದರಿಂದ ಯಾವ ತೊಂದರೆಯೂ ಕಾಣುವುದಿಲ್ಲ. ಹೊಸ ಆವೃತ್ತಿಯನ್ನು ಶುದ್ಧವಾಗಿ ಹಾಕಬೇಕೆಂದಾಗಲೋ, ಬೇರೊಂದು ಡಿಸ್ಟ್ರೊಗೆ (ಉಬುಂಟು, ಫೆಡೋರಾದಂಥ ಲಿನಕ್ಸ್ ಬಗೆಗೆ) ಹೋಗಬೇಕೆಂದಾಗಲೋ, ಡೌನ್‌ಲೋಡ್ ಮಾಡಿದ ವಿಡಿಯೋಗಳು ಡಿಸ್ಕ್ ತುಂಬಿಸಿ ಸಿಸ್ಟಮ್ ತನ್ನ ಲಾಗ್ ಬರೆಯುವುದಕ್ಕೂ ಜಾಗವಿಲ್ಲದಂತೆ ಮಾಡಿದಾಗಲೋ, ಬಳಕೆದಾರರ ಕಡತಗಳೆಲ್ಲ ಇರುವ ಹೋಮ್ ಡೈರೆಕ್ಟರಿ, ಅಂದರೆ /ಹೋಮ್, ಬೇರೆ ಪಾರ್ಟಿಶನ್‌ನಲ್ಲಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅನಿಸುತ್ತದೆ. ಒಳ್ಳೆಯ ಸಂಗತಿಯೆಂದರೆ, ಈ ಕೆಲಸವನ್ನು ಯಾವಾಗ ಬೇಕಾದರೂ, ಸಿಸ್ಟಮ್ ಅನ್ನು ಮತ್ತೆ ಹಾಕದೆಯೇ ಮಾಡಬಹುದು. ಅದಕ್ಕೆ ಬೇಕಾದದ್ದು ಒಂದು ಲೈವ್ ಪೆನ್‌ಡ್ರೈವ್ (ಒಳಗಿನ ಡಿಸ್ಕಿನ ನೆರವಿಲ್ಲದೆ ತನ್ನಿಂದಲೇ ಲಿನಕ್ಸ್ ಓಡಿಸುವಂಥದ್ದು), ಒಂದು ಹೊರಗಿನ ಹಾರ್ಡ್ ಡಿಸ್ಕ್ ಮತ್ತು ಯಾರೂ ಅವಸರಪಡಿಸದ ಅರ್ಧ ದಿನ.

ಈ ಬರಹದಲ್ಲಿ ಕಮಾಂಡುಗಳನ್ನೂ ಕಡತಗಳ ಹೆಸರುಗಳನ್ನೂ ಬಾಯಲ್ಲಿ ಹೇಳುವ ಹಾಗೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಬೇರೆ ಸೂಚನೆ ಇಲ್ಲದ ಕಡೆಯೆಲ್ಲ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಆಡಳಿತಾಧಿಕಾರ ಬೇಕಾದ ಪ್ರತಿ ಕಮಾಂಡಿನ ಮುಂದೆಯೂ ಸುಡೊ ಇದೆಯೆಂದು ಭಾವಿಸಿಕೊಳ್ಳಿ.

ಮೊದಲು ಅಳತೆ, ಆಮೇಲೆ ಕೆಲಸ

ನಿಮ್ಮ ಡಿಸ್ಕಿನಲ್ಲಿ ಈಗ ಏನಿದೆ ಎಂಬುದನ್ನು ನೋಡದೆ ಮುಂದುವರಿಯಬಾರದು. ‘ಎಲ್‌ಎಸ್‌ಬಿಎಲ್‌ಕೆ -ಎಫ್’ ಎಂಬ ಕಮಾಂಡ್ ಎಲ್ಲ ಡಿಸ್ಕುಗಳನ್ನೂ ಪಾರ್ಟಿಶನ್‌ಗಳನ್ನೂ ಅವುಗಳ ಫೈಲ್‌ಸಿಸ್ಟಮ್ (ಕಡತಗಳನ್ನು ಜೋಡಿಸಿಡುವ ಪದ್ಧತಿ) ಸಹಿತ ತೋರಿಸುತ್ತದೆ. ‘ಡಿಎಫ್ -ಎಚ್’ ಒಟ್ಟು ಜಾಗ ಮತ್ತು ಉಳಿದ ಜಾಗವನ್ನು ಹೇಳುತ್ತದೆ. ‘ಡಿಯು -ಎಸ್‌ಎಚ್ /ಹೋಮ್’ ನಿಮ್ಮ ಹೋಮ್ ಡೈರೆಕ್ಟರಿಯೊಂದೇ ಎಷ್ಟು ಜಾಗ ಹಿಡಿದಿದೆ ಎಂಬುದನ್ನು ಹೇಳುತ್ತದೆ. ಈ ಮೂರರ ಫಲಿತಾಂಶವನ್ನೂ ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದ ಮೇಲೆ ಯಾವ ಪಾರ್ಟಿಶನ್ ಯಾವುದು ಎಂದು ಗೊಂದಲವಾದಾಗ ಕೈಗೆ ಸಿಗುವುದು ಆ ಕಾಗದ ಮಾತ್ರ.

ಎಲ್‌ಎಸ್‌ಬಿಎಲ್‌ಕೆ ತೋರಿಸಿದ ಫೈಲ್‌ಸಿಸ್ಟಮ್ ಯಾವುದು ಎಂಬುದರ ಮೇಲೆ ಮುಂದಿನ ಹಾದಿ ನಿಂತಿದೆ. ಉಬುಂಟು, ಡೆಬಿಯನ್, ಮಿಂಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಇಎಕ್ಸ್‌ಟಿ4. ಅದನ್ನು ಮೌಂಟ್ ಆಗಿರದ, ಅಂದರೆ ಬಳಕೆಗೆಂದು ಸಿಸ್ಟಮ್‌ಗೆ ಜೋಡಿಸಿರದ, ಸ್ಥಿತಿಯಲ್ಲಿ ಕುಗ್ಗಿಸಬಹುದು. ರೆಡ್ ಹ್ಯಾಟ್ ಬಳಗದ ಸರ್ವರ್‌ಗಳಲ್ಲಿ ಕಾಣುವ ಎಕ್ಸ್‌ಎಫ್‌ಎಸ್ ಅನ್ನು ಹಿಗ್ಗಿಸಬಹುದೇ ಹೊರತು ಕುಗ್ಗಿಸುವ ಹಾಗಿಲ್ಲ. ಅಲ್ಲಿ ಇನ್ನೊಂದು ಡಿಸ್ಕ್ ಸೇರಿಸುವುದೇ ಸರಿಯಾದ ದಾರಿ. ಫೆಡೋರಾದ ಡೆಸ್ಕ್‌ಟಾಪ್ ಆವೃತ್ತಿಗಳು 2020ರಲ್ಲಿ ಬಂದ 33ನೇ ಆವೃತ್ತಿಯಿಂದ ಬಿಟಿಆರ್‌ಎಫ್‌ಎಸ್ ಅನ್ನು ಬಳಸುತ್ತವೆ. ಅವುಗಳಲ್ಲಿ /ಹೋಮ್ ಆಗಲೇ ಬೇರೆ ಸಬ್‌ವಾಲ್ಯೂಮ್ (ಅದೇ ಪಾರ್ಟಿಶನ್‌ನೊಳಗಿನ ಪ್ರತ್ಯೇಕ ವಿಭಾಗ) ಆಗಿರುವುದರಿಂದ, ಜಾಗವನ್ನು ಕತ್ತರಿಸಿ ಹಂಚದೆಯೇ ರೂಟ್ (ಸಿಸ್ಟಮ್ ಇರುವ ಭಾಗ) ಒಂದನ್ನು ಮಾತ್ರ ಹೊಸದಾಗಿ ಹಾಕಿ ಹೋಮ್ ಅನ್ನು ಉಳಿಸಿಕೊಳ್ಳಬಹುದು. ಅಂಥವರು ಮರುಸ್ಥಾಪನೆಯ ಅನುಕೂಲಕ್ಕಾಗಿ ಈ ಕೆಲಸಕ್ಕೆ ಕೈ ಹಾಕುವ ಅಗತ್ಯವೇ ಇಲ್ಲ. ಡೆಬಿಯನ್ ಇನ್‌ಸ್ಟಾಲರ್ ಕೂಡ /ಹೋಮ್ ಬೇರೆ ಮಾಡುವ ಆಯ್ಕೆಯನ್ನು ಮೊದಲಿನಿಂದಲೂ ಕೊಡುತ್ತದೆ. ಆಗ ಅದನ್ನು ಒತ್ತಿದ್ದೀರೋ ಎಂದು ಒಮ್ಮೆ ನೋಡಿಕೊಳ್ಳಿ.

ಇನ್ನು ಹೊಸ ಪಾರ್ಟಿಶನ್‌ನ ಬಗೆ. ವಿಂಡೋಸ್ ಜೊತೆಗೆ ಹಂಚಿಕೊಳ್ಳಬಹುದು ಎಂಬ ಆಸೆಯಿಂದ /ಹೋಮ್‌ಗೆ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಬಳಸಲು ಹೋಗಬೇಡಿ. ಲಿನಕ್ಸ್ ಪ್ರತಿ ಕಡತದ ಜೊತೆಗೂ ಅದರ ಒಡೆಯ ಯಾರು, ಯಾರಿಗೆ ಓದುವ ಬರೆಯುವ ಅನುಮತಿ ಇದೆ ಎಂಬುದನ್ನು ಇಡುತ್ತದೆ. ಎಕ್ಸ್‌ಫ್ಯಾಟ್‌ನಲ್ಲಿ ಅದಕ್ಕೆ ಸ್ಥಾನವೇ ಇಲ್ಲ, ಎನ್‌ಟಿಎಫ್‌ಎಸ್‌ನ ಅನುಮತಿಗಳ ಲೆಕ್ಕವೇ ಬೇರೆ. ಹಂಚಿಕೊಳ್ಳಲೇಬೇಕಾದ ಸಿನಿಮಾ, ಹಾಡುಗಳಿಗೆ ಮೂರನೆಯ ಪಾರ್ಟಿಶನ್ ಇರಲಿ.

ಜಾಗದ ಹಂಚಿಕೆ

ಒಂದು ನಿಜವಾದ ಲೆಕ್ಕವನ್ನು ಹಿಡಿದುಕೊಂಡು ಮಾತಾಡೋಣ. ಡಬ್ಬಿಯ ಮೇಲೆ 512 ಜಿಬಿ ಎಂದು ಬರೆದಿರುವ ಎಸ್‌ಎಸ್‌ಡಿ, ಪಾರ್ಟಿಶನ್ ಮಾಡುವ ಜಿಪಾರ್ಟೆಡ್ ಪ್ರೋಗ್ರಾಮ್‌ನಲ್ಲಿ ಸುಮಾರು 476 ಎಂದು ಕಾಣುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲೂ ಜಿಪಾರ್ಟೆಡ್ 1024ರ ಲೆಕ್ಕದಲ್ಲೂ ಎಣಿಸುವುದರಿಂದ ಈ ವ್ಯತ್ಯಾಸ, ಜಾಗ ಎಲ್ಲಿಗೂ ಹೋಗಿಲ್ಲ. ಇದರಲ್ಲಿ ಒಟ್ಟು 140 ಬಳಕೆಯಾಗಿದೆ, ಅದರಲ್ಲಿ 110 /ಹೋಮ್‌ನದ್ದು, ಉಳಿದ 30 ಸಿಸ್ಟಮ್‌ನದ್ದು ಎಂದುಕೊಳ್ಳಿ. ಸಿಸ್ಟಮ್‌ಗೆ 80 ಸಾಕು, ಉಳಿದದ್ದೆಲ್ಲ ಹೋಮ್‌ಗೆ ಎಂದು ಲೆಕ್ಕ ಹಾಕುವುದು ಸುಲಭ. ಆದರೆ 140 ತುಂಬಿರುವ ಪಾರ್ಟಿಶನ್ ಅನ್ನು 80ಕ್ಕೆ ಕುಗ್ಗಿಸಲು ಬರುವುದಿಲ್ಲ. ಮೊದಲು 170ಕ್ಕೆ ಕುಗ್ಗಿಸಿ, ಖಾಲಿಯಾದ 305ರಷ್ಟು ಜಾಗದಲ್ಲಿ ಹೊಸ ಪಾರ್ಟಿಶನ್ ಮಾಡಿ, ಹೋಮ್ ಅನ್ನು ಅಲ್ಲಿಗೆ ಸಾಗಿಸಿ, ಆಮೇಲೆ ರೂಟ್ ಅನ್ನು ಮತ್ತೆ 80ಕ್ಕೆ ಇಳಿಸಿದರೆ, ಬಿಡುವಾದ 90 ಹೊಸ ಪಾರ್ಟಿಶನ್‌ನ ಎಡಕ್ಕೆ ಉಳಿಯುತ್ತದೆ. ಅದನ್ನು ಸೇರಿಸಿಕೊಳ್ಳಬೇಕಾದರೆ ಹೋಮ್ ಪಾರ್ಟಿಶನ್‌ನ ಆರಂಭವನ್ನೇ ಹಿಂದಕ್ಕೆ ಸರಿಸಬೇಕು, ಅಂದರೆ ಅದರೊಳಗಿನ ಅಷ್ಟೂ ಮಾಹಿತಿಯನ್ನು ಡಿಸ್ಕಿನ ಮೇಲೆ ಎತ್ತಿ ಇಡಬೇಕು. ಅದು ಗಂಟೆಗಟ್ಟಲೆ ಹಿಡಿಯುವ ಕೆಲಸ, ನಡುವೆ ಕರೆಂಟ್ ಹೋದರೆ ಚೇತರಿಸಿಕೊಳ್ಳುವುದು ಬಹಳ ಕಷ್ಟ.

ಆದ್ದರಿಂದ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಹೊರಗಿನ ಡಿಸ್ಕಿಗೆ ಹೋಮ್ ಅನ್ನು ಎರಡು ಪ್ರತಿ ಮಾಡಿ, ಒಳಗಿನದ್ದನ್ನು ಅಳಿಸಿ, ಒಂದೇ ಏಟಿಗೆ ಬೇಕಾದ ಅಳತೆಗೆ ಕುಗ್ಗಿಸುವುದು ಒಂದು. ರೂಟ್‌ಗೆ 170 ಬಿಟ್ಟು ಅದರಲ್ಲೇ ತೃಪ್ತರಾಗುವುದು ಇನ್ನೊಂದು. ನನ್ನ ಆಯ್ಕೆ ಎರಡನೆಯದು. ಡಾಕರ್ ಇಮೇಜುಗಳು, ಫ್ಲಾಟ್‌ಪ್ಯಾಕ್ ಪ್ರೋಗ್ರಾಮುಗಳು, ವರ್ಟ್-ಮ್ಯಾನೇಜರ್‌ನ ವರ್ಚುವಲ್ ಮಶೀನುಗಳ ಡಿಸ್ಕುಗಳು ಸಾಮಾನ್ಯವಾಗಿ ರೂಟ್‌ನಲ್ಲಿರುವ /ವಾರ್‌ನೊಳಗೆ ಕೂರುತ್ತವೆಯೇ ಹೊರತು /ಹೋಮ್‌ನಲ್ಲಲ್ಲ. ರೂಟ್ ಅನ್ನು 25–30ಕ್ಕೆ ಬಿಗಿಯಾಗಿ ಕಟ್ಟಿ ಆಮೇಲೆ ಪರದಾಡಿದವರನ್ನು ನೋಡಿದ್ದೇನೆ, ಧಾರಾಳವಾಗಿ ಬಿಟ್ಟು ಪಶ್ಚಾತ್ತಾಪಪಟ್ಟವರನ್ನು ಕಂಡಿಲ್ಲ. ಡೆಸ್ಕ್‌ಟಾಪ್ ಆದರೆ ಎರಡನೆಯ ಡಿಸ್ಕನ್ನೇ ಕೊಂಡು /ಹೋಮ್‌ಗೆ ಮೀಸಲಿಡುವುದು ಎಲ್ಲಕ್ಕಿಂತ ನೆಮ್ಮದಿಯ ಹಾದಿ. ಆಗ ಹಳೆಯ ಪಾರ್ಟಿಶನ್ ಅನ್ನು ಮುಟ್ಟುವ ಪ್ರಶ್ನೆಯೇ ಬರುವುದಿಲ್ಲ.

ಕೆಲಸ ಶುರುಮಾಡುವ ಮೊದಲು ಬ್ಯಾಕಪ್. ಬೇರೆ ಪಾರ್ಟಿಶನ್ ಎಂಬುದು ಬ್ಯಾಕಪ್ ಅಲ್ಲ. ಡಿಸ್ಕ್ ಕೆಟ್ಟರೆ ಎರಡೂ ಪಾರ್ಟಿಶನ್‌ಗಳು ಒಟ್ಟಿಗೇ ಹೋಗುತ್ತವೆ. ಹೊರಗಿನ ಡಿಸ್ಕನ್ನು ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ, ಮುಂದೆ ಹೇಳಿರುವ ಆರ್‌ಸಿಂಕ್ ಕಮಾಂಡಿನಿಂದಲೇ ಪ್ರತಿ ಮಾಡಿ, ಎರಡು ಮೂರು ಕಡತಗಳನ್ನು ಅಲ್ಲಿಂದ ತೆರೆದು ನೋಡಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಲಿ, ಚಾರ್ಜರ್ ಸಿಕ್ಕಿಸಿಯೇ ಇರಲಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಪಾರ್ಟಿಶನ್ ಕುಗ್ಗಿಸಬೇಡಿ. ಮಧ್ಯಾಹ್ನದ ಹೊತ್ತು ಕರೆಂಟ್ ತೆಗೆಯುವ ಊರಿನಲ್ಲಿದ್ದರೆ ಆ ಹೊತ್ತನ್ನು ತಪ್ಪಿಸಿ ಕೂತುಕೊಳ್ಳಿ.

ಲೈವ್ ಪೆನ್‌ಡ್ರೈವ್‌ನಿಂದ ಏಕೆ

ಓಡುತ್ತಿರುವ ಸಿಸ್ಟಮ್‌ನಲ್ಲೇ ಇದನ್ನು ಮಾಡಬಹುದೆಂದು ಹೇಳುವವರಿದ್ದಾರೆ. ಎರಡನೆಯ ಡಿಸ್ಕ್ ಇದ್ದು, ಎಲ್ಲರೂ ಲಾಗ್‌ಔಟ್ ಆಗಿ, ರೂಟ್ ಬಳಕೆದಾರರಾಗಿ (ಸಿಸ್ಟಮ್‌ನ ಪೂರ್ಣ ಅಧಿಕಾರವಿರುವ ಖಾತೆಯಿಂದ) ಟೆಕ್ಸ್ಟ್ ಕನ್ಸೋಲಿಗೆ ಬಂದರೆ ಅದು ಸಾಧ್ಯ. ರೂಟ್ ಬಳಕೆದಾರನ ಮನೆ /ಹೋಮ್‌ನಲ್ಲಿ ಇರದೆ /ರೂಟ್‌ನಲ್ಲಿ ಇರುವುದೇ ಇದಕ್ಕೆ ಅನುವು ಮಾಡಿಕೊಡುತ್ತದೆ. ಆದರೆ ನೀವು ಡೆಸ್ಕ್‌ಟಾಪ್‌ಗೆ ಲಾಗಿನ್ ಆಗಿರುವಾಗ ಬ್ರೌಸರ್ ತನ್ನ ಇತಿಹಾಸ, ಕುಕಿಗಳ ಡೇಟಾಬೇಸ್‌ಗೆ ಬರೆಯುತ್ತಲೇ ಇರುತ್ತದೆ, ಮೇಲ್ ಪ್ರೋಗ್ರಾಮ್ ತನ್ನ ಸೂಚಿಯನ್ನು ತಿದ್ದುತ್ತಲೇ ಇರುತ್ತದೆ. ಅರ್ಧ ಬರೆದ ಡೇಟಾಬೇಸ್ ಪ್ರತಿಯಾದರೆ ತಪ್ಪು ಕೂಡಲೇ ಕಾಣುವುದಿಲ್ಲ, ಹದಿನೈದು ದಿನ ಕಳೆದ ಮೇಲೆ ಕಾಣುತ್ತದೆ. ಅಲ್ಲದೆ ರೂಟ್ ಪಾರ್ಟಿಶನ್ ಮೌಂಟ್ ಆಗಿರುವಾಗ ಇಎಕ್ಸ್‌ಟಿ4 ಕುಗ್ಗುವುದೇ ಇಲ್ಲ. ಹಾಗಾಗಿ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡುವುದನ್ನೇ ನಾನು ಎಲ್ಲರಿಗೂ ಹೇಳುತ್ತೇನೆ.

ಬೂಟ್ ಆದ ಮೇಲೆ ಜಿಪಾರ್ಟೆಡ್ ತೆರೆಯಿರಿ. ರೂಟ್ ಪಾರ್ಟಿಶನ್ ಅನ್ನು ಆರಿಸಿ, ಬಲ ಅಂಚನ್ನು ಎಳೆದು ಕುಗ್ಗಿಸಿ. ಎಡ ಅಂಚನ್ನು ಮುಟ್ಟಬೇಡಿ, ಏಕೆಂದರೆ ಆರಂಭ ಬದಲಾದರೆ ಇಡೀ ಪಾರ್ಟಿಶನ್ ಸರಿಯಬೇಕಾಗುತ್ತದೆ. ಖಾಲಿಯಾದ ಜಾಗದಲ್ಲಿ ಇಎಕ್ಸ್‌ಟಿ4 ಪಾರ್ಟಿಶನ್ ಒಂದನ್ನು ರಚಿಸಿ, ಅದಕ್ಕೆ ‘ಹೋಮ್’ ಎಂಬ ಲೇಬಲ್ ಕೊಡಿ. ಆಮೇಲೆ ಹಸಿರು ಗುರುತನ್ನು ಒತ್ತುವವರೆಗೂ ಡಿಸ್ಕಿನ ಮೇಲೆ ಏನೂ ನಡೆದಿರುವುದಿಲ್ಲ. ಒತ್ತುವ ಮೊದಲು ಕೆಳಗಿನ ಪಟ್ಟಿಯಲ್ಲಿರುವ ಪ್ರತಿ ಸಾಲನ್ನೂ ಕಾಗದದ ಜೊತೆಗೆ ತಾಳೆ ನೋಡಿ. ಕುಗ್ಗಿಸುವ ಮುಂಚೆ ಜಿಪಾರ್ಟೆಡ್ ತಾನೇ ಫೈಲ್‌ಸಿಸ್ಟಮ್ ಅನ್ನು ತಪಾಸಣೆ ಮಾಡುತ್ತದೆ. ತಪಾಸಣೆಯಲ್ಲಿ ದೋಷ ಕಂಡು ಕೆಲಸ ನಿಂತರೆ ಅಲ್ಲಿಗೇ ನಿಲ್ಲಿಸಿ, ದೋಷವನ್ನು ಸರಿಪಡಿಸಿಕೊಂಡೇ ಮುಂದುವರಿಯಬೇಕು.

ಇಎಕ್ಸ್‌ಟಿ4 ತನ್ನ ಒಟ್ಟು ಜಾಗದಲ್ಲಿ ಶೇ. 5ರಷ್ಟನ್ನು ರೂಟ್ ಬಳಕೆದಾರನಿಗೆಂದು ಕಾದಿರಿಸುತ್ತದೆ. ಸಿಸ್ಟಮ್ ಇರುವ ಪಾರ್ಟಿಶನ್‌ಗೆ ಇದು ಅಗತ್ಯ, ಹೋಮ್‌ಗೆ ಅಷ್ಟು ಬೇಕಿಲ್ಲ. 305ರಲ್ಲಿ 15ರಷ್ಟು ಹೀಗೆ ಕಟ್ಟಿಹಾಕಿದಂತಾಗುತ್ತದೆ. ‘ಟ್ಯೂನ್2ಎಫ್‌ಎಸ್ -ಎಂ 1’ ಎಂದು ಬರೆದು ಮುಂದೆ ಪಾರ್ಟಿಶನ್‌ನ ಹೆಸರನ್ನು ಕೊಟ್ಟರೆ ಮೀಸಲು ಶೇ. 1ಕ್ಕೆ ಇಳಿಯುತ್ತದೆ.

ಸಾಗಣೆ

ಈಗ ಎರಡು ಪಾರ್ಟಿಶನ್‌ಗಳನ್ನೂ ಮೌಂಟ್ ಮಾಡಬೇಕು. ‘ಎಂಕೆಡಿಐಆರ್’ ಕಮಾಂಡಿನಿಂದ /ಎಂಎನ್‌ಟಿ/ಹಳೆಮನೆ ಮತ್ತು /ಎಂಎನ್‌ಟಿ/ಹೊಸಮನೆ ಎಂಬ ಎರಡು ಡೈರೆಕ್ಟರಿಗಳನ್ನು ಮಾಡಿಕೊಳ್ಳಿ. ಹೆಸರು ಕನ್ನಡದ್ದಾದರೆ ಎಂಥ ಅವಸರದಲ್ಲೂ ಎಲ್ಲಿಂದ ಎಲ್ಲಿಗೆ ಎಂಬುದು ತಪ್ಪುವುದಿಲ್ಲ. ನಮ್ಮ ಉದಾಹರಣೆಯಲ್ಲಿ ರೂಟ್ ಪಾರ್ಟಿಶನ್ ಎನ್‌ವಿಎಂಇ0ಎನ್1ಪಿ2, ಹೊಸದು ಅದೇ ಹೆಸರಿನ ಕೊನೆಯಲ್ಲಿ ಪಿ3. ‘ಮೌಂಟ್ /ಡೆವ್/ಎನ್‌ವಿಎಂಇ0ಎನ್1ಪಿ2 /ಎಂಎನ್‌ಟಿ/ಹಳೆಮನೆ’ ಎಂದರೆ ಹಳೆಯ ಸಿಸ್ಟಮ್ ಅಲ್ಲಿ ತೆರೆದುಕೊಳ್ಳುತ್ತದೆ. ಪಿ3 ಅನ್ನು ಅದೇ ರೀತಿ ಹೊಸಮನೆಗೆ ಮೌಂಟ್ ಮಾಡಿ. ‘ಎಲ್‌ಎಸ್ /ಎಂಎನ್‌ಟಿ/ಹೊಸಮನೆ’ ಎಂದಾಗ ಅಲ್ಲಿ ‘ಲಾಸ್ಟ್+ಫೌಂಡ್’ ಎಂಬ ಒಂದೇ ಡೈರೆಕ್ಟರಿ ಕಾಣಬೇಕು. ಅದು ಇಎಕ್ಸ್‌ಟಿ4 ತನ್ನ ದುರಸ್ತಿಗೆಂದು ಇಟ್ಟುಕೊಂಡದ್ದು, ಹಾಗೆಯೇ ಇರಲಿ.

ಪ್ರತಿ ಮಾಡುವ ಕಮಾಂಡ್ ಹೀಗಿದೆ: ಆರ್‌ಸಿಂಕ್, ಅದರ ಮುಂದೆ ಒಂದು ಅಡ್ಡಗೆರೆ, ಗೆರೆಗೆ ಅಂಟಿಕೊಂಡಂತೆ ಸಣ್ಣ ಎ, ದೊಡ್ಡ ಎ, ದೊಡ್ಡ ಎಕ್ಸ್, ದೊಡ್ಡ ಎಚ್; ಆಮೇಲೆ /ಎಂಎನ್‌ಟಿ/ಹಳೆಮನೆ/ಹೋಮ್/ ಮತ್ತು /ಎಂಎನ್‌ಟಿ/ಹೊಸಮನೆ/. ಸಣ್ಣ ಎ ಎಂದರೆ ಒಡೆತನ, ಅನುಮತಿ, ಸಮಯ, ಸಾಂಕೇತಿಕ ಕೊಂಡಿಗಳನ್ನು ಇದ್ದ ಹಾಗೆ ಉಳಿಸುವುದು. ದೊಡ್ಡ ಎ ಹೆಚ್ಚುವರಿ ಅನುಮತಿ ಪಟ್ಟಿಗಳನ್ನೂ, ದೊಡ್ಡ ಎಕ್ಸ್ ವಿಸ್ತೃತ ಗುಣಲಕ್ಷಣಗಳನ್ನೂ, ದೊಡ್ಡ ಎಚ್ ಹಾರ್ಡ್ ಲಿಂಕ್‌ಗಳನ್ನೂ ಕಾಪಾಡುತ್ತವೆ. ಈ ಮೂರು ಸಣ್ಣ ಎಯಲ್ಲಿ ಸೇರಿಲ್ಲವಾದ್ದರಿಂದ ಬೇರೆಯಾಗಿಯೇ ಹೇಳಬೇಕು. ಮೂಲದ ಹೆಸರಿನ ಕೊನೆಯಲ್ಲಿರುವ ಓರೆಗೆರೆಯನ್ನು ಮರೆಯಬೇಡಿ. ಅದು ಇದ್ದರೆ ‘ಹೋಮ್‌ನ ಒಳಗಿರುವುದನ್ನು’ ಎಂದು ಅರ್ಥ, ಇಲ್ಲದಿದ್ದರೆ ‘ಹೋಮ್ ಅನ್ನೇ’ ಎಂದು ಅರ್ಥ. ಮರೆತರೆ ಕೊನೆಗೆ /ಹೋಮ್/ಹೋಮ್ ಎಂಬ ಡೈರೆಕ್ಟರಿಯೊಳಗೆ ನಿಮ್ಮ ಕಡತಗಳು ಕೂತಿರುತ್ತವೆ, ಲಾಗಿನ್ ಮಾಡಿದಾಗ ಸಿಸ್ಟಮ್‌ಗೆ ನಿಮ್ಮ ಮನೆ ಸಿಗುವುದಿಲ್ಲ.

ಇದನ್ನೇ ಫೈಲ್ ಮ್ಯಾನೇಜರ್‌ನಲ್ಲಿ ಎಳೆದು ಬಿಡಬಾರದೇ ಎಂದು ಕೇಳುವವರಿಗೆ ನನ್ನ ತಂಗಿಯ ಲ್ಯಾಪ್‌ಟಾಪ್‌ನ ಕಥೆ ಹೇಳುತ್ತೇನೆ. ರಿಪೇರಿಗೆ ಕೊಟ್ಟ ಕಡೆ ಹೊಸ ಡಿಸ್ಕ್ ಹಾಕಿ, ರೂಟ್ ಅಧಿಕಾರದ ಫೈಲ್ ಮ್ಯಾನೇಜರ್‌ನಿಂದ ಅವಳ ಹೋಮ್ ಅನ್ನು ಎಳೆದು ಹಾಕಿಕೊಟ್ಟಿದ್ದರು. ಮನೆಗೆ ತಂದು ಪಾಸ್‌ವರ್ಡ್ ಕೊಟ್ಟರೆ ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಲಾಗಿನ್ ಪುಟಕ್ಕೇ ಬರುತ್ತಿತ್ತು. ಹತ್ತು ಸಲ ಕೊಟ್ಟರೂ ಅದೇ. ಟೆಕ್ಸ್ಟ್ ಕನ್ಸೋಲಿಗೆ ಹೋಗಿ ‘ಎಲ್‌ಎಸ್ -ಎಲ್‌ಎ’ ಹಾಕಿದಾಗ ಪ್ರತಿ ಸಾಲಿನಲ್ಲೂ ಒಡೆಯನ ಜಾಗದಲ್ಲಿ ರೂಟ್ ಎಂದು ಬರೆದಿತ್ತು. ಅವಳದೇ ಮನೆಯಲ್ಲಿ ಒಂದು ಕಡತ ಬರೆಯುವುದಕ್ಕೂ ಅವಳಿಗೆ ಅನುಮತಿ ಇರಲಿಲ್ಲ. ‘ಚೌನ್ -ಆರ್’ ಅನ್ನು ದೊಡ್ಡ ಆರ್ ಜೊತೆ ಓಡಿಸಿ ಒಡೆತನ ಮರಳಿಸಿದೆವು. ಆದರೂ ಬೇರೆ ಯಂತ್ರಗಳಿಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕೀಲಿ ಕೆಲಸ ಮಾಡಲಿಲ್ಲ, ಏಕೆಂದರೆ ಪ್ರತಿಯಾಗುವಾಗ ಅದರ ಅನುಮತಿ ಸಡಿಲವಾಗಿತ್ತು. ಬೇರೆಯವರೂ ಓದಬಹುದಾದ ಖಾಸಗಿ ಕೀಲಿಯನ್ನು ಎಸ್‌ಎಸ್‌ಎಚ್ ಸ್ವೀಕರಿಸುವುದಿಲ್ಲ. ಡೈರೆಕ್ಟರಿಗೆ 700, ಖಾಸಗಿ ಕೀಲಿಗೆ 600 ಎಂದು ಮತ್ತೆ ಬಿಗಿಗೊಳಿಸಬೇಕಾಯಿತು. ಆರ್‌ಸಿಂಕ್ ಬಳಸಿದ್ದರೆ ಇದಾವುದೂ ಬೇಕಿರಲಿಲ್ಲ.

ಚುಕ್ಕಿಯಿಂದ ಶುರುವಾಗುವ ಅಡಗಿದ ಕಡತಗಳದು ಇನ್ನೊಂದು ವಿಷಯ. ‘ಸಿಪಿ’ ಕಮಾಂಡಿಗೆ ನಕ್ಷತ್ರ ಚಿಹ್ನೆ ಕೊಟ್ಟು ಒಬ್ಬ ಬಳಕೆದಾರರ ಮನೆಯ ಒಳಗಿರುವುದನ್ನು ಪ್ರತಿ ಮಾಡಿದರೆ ಅವು ಸಾಮಾನ್ಯವಾಗಿ ಬಿಟ್ಟುಹೋಗುತ್ತವೆ. ನಾವು ಕೈಯಾರೆ ತಂದು ಹಾಕಿದ ಗುಬ್ಬಿ, ನವಿಲು ಫಾಂಟ್‌ಗಳು, ಕನ್ನಡ ಟೈಪಿಂಗ್‌ಗೆ ಮಾಡಿಕೊಂಡ ಹೊಂದಾಣಿಕೆಗಳು, ಬ್ರೌಸರ್‌ನ ಪಾಸ್‌ವರ್ಡ್‌ಗಳು, ಮೇಲ್‌ಗಳು ಇರುವುದು ಅಲ್ಲಿಯೇ. ಆರ್‌ಸಿಂಕ್ ಅವನ್ನು ಬಿಡುವುದಿಲ್ಲ.

ಕಡತಗಳಿಗೆ ಕನ್ನಡದಲ್ಲೇ ಹೆಸರಿಡುವವರು ಒಂದು ಮಿತಿಯನ್ನು ತಿಳಿದಿರಬೇಕು. ಇಎಕ್ಸ್‌ಟಿ4ನಲ್ಲಿ ಒಂದು ಹೆಸರಿಗೆ 255 ಬೈಟ್‌ಗಳ ಮಿತಿ ಇದೆ. ಅಕ್ಷರಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು. ಒತ್ತಕ್ಷರ, ಸ್ವರಚಿಹ್ನೆಗಳೂ ಬೇರೆ ಬೇರೆ ಸಂಕೇತಗಳೇ. ‘ಲಕ್ಷ್ಮಿ’ ಎಂಬುದು ಕಣ್ಣಿಗೆ ಎರಡು ಅಕ್ಷರ, ಒಳಗೆ ಏಳು ಸಂಕೇತ, 21 ಬೈಟ್. ಹಾಗಾಗಿ ಒಂದು ಹೆಸರಿನಲ್ಲಿ 85 ಕನ್ನಡ ಸಂಕೇತಗಳಿಗಷ್ಟೇ ಜಾಗ. ಹೋಮ್‌ನಿಂದ ಹೋಮ್‌ಗೆ ಇಎಕ್ಸ್‌ಟಿ4ನಲ್ಲೇ ಸಾಗಿಸುವಾಗ ಇದು ಅಡ್ಡಿಯಾಗದು. ಆದರೆ 255 ಯುಟಿಎಫ್-16 ಘಟಕಗಳವರೆಗೆ ಬಿಡುವ ಎನ್‌ಟಿಎಫ್‌ಎಸ್ ಡಿಸ್ಕಿನಿಂದ ಉದ್ದುದ್ದ ಕನ್ನಡ ಹೆಸರಿನ ಲೇಖನಗಳನ್ನು ಇದೇ ಸಂದರ್ಭದಲ್ಲಿ ತಂದು ಸೇರಿಸಿಕೊಳ್ಳಲು ಹೋದರೆ, ಹೆಸರು ತುಂಬ ಉದ್ದವಾಯಿತೆಂಬ ದೋಷ ಬಂದು ಆ ಕಡತಗಳಷ್ಟೇ ಹಿಂದೆ ಉಳಿಯುತ್ತವೆ. ಆರ್‌ಸಿಂಕ್ ಕೊನೆಯಲ್ಲಿ ತೋರಿಸುವ ದೋಷಗಳ ಸಾಲುಗಳನ್ನು ಓದದೆ ಟರ್ಮಿನಲ್ ಮುಚ್ಚಬಾರದೆಂದು ಹೇಳುವುದು ಇದಕ್ಕಾಗಿಯೇ.

ಪ್ರತಿ ಮುಗಿದ ಮೇಲೆ ಅದು ನಿಜಕ್ಕೂ ಪ್ರತಿಯೇ ಎಂದು ಪರೀಕ್ಷಿಸಬೇಕು. ಅದೇ ಕಮಾಂಡಿಗೆ ಸಣ್ಣ ಎನ್, ಸಣ್ಣ ಐ, ಮತ್ತು ಎರಡು ಅಡ್ಡಗೆರೆಗಳ ಮುಂದೆ ‘ಚೆಕ್‌ಸಮ್’ ಎಂದು ಸೇರಿಸಿ ಮತ್ತೆ ಓಡಿಸಿ. ಎನ್ ಇರುವುದರಿಂದ ಅದು ಏನನ್ನೂ ಬದಲಿಸುವುದಿಲ್ಲ, ಎರಡೂ ಕಡೆಯ ಪ್ರತಿ ಕಡತವನ್ನೂ ಓದಿ ಹೋಲಿಸಿ, ವ್ಯತ್ಯಾಸ ಇರುವುದನ್ನು ಮಾತ್ರ ಮುದ್ರಿಸುತ್ತದೆ. ಸಮಯ ಹಿಡಿಯುತ್ತದೆ, ಹಿಡಿಯಲಿ. ಒಂದು ಸಾಲೂ ಬರದೆ ಮುಗಿದರೆ ಸಾಗಣೆ ಸರಿಯಾಗಿದೆ.

ಎಫ್‌ಎಸ್‌ಟ್ಯಾಬ್‌ನ ಒಂದು ಸಾಲು

ಹೊಸ ಪಾರ್ಟಿಶನ್ ಅನ್ನು ಪ್ರತಿ ಸಲ ಬೂಟ್ ಆಗುವಾಗಲೂ /ಹೋಮ್‌ನಲ್ಲಿ ಮೌಂಟ್ ಮಾಡಬೇಕೆಂದು ಸಿಸ್ಟಮ್‌ಗೆ ಹೇಳುವುದು /ಇಟಿಸಿ/ಎಫ್‌ಎಸ್‌ಟ್ಯಾಬ್ ಎಂಬ ಕಡತ. ಬಹಳ ಜನ ಎಡವುವುದು ಇಲ್ಲಿ. ನೀವು ಈಗ ಇರುವುದು ಲೈವ್ ಪೆನ್‌ಡ್ರೈವ್‌ನೊಳಗೆ. ಅದರ ಎಫ್‌ಎಸ್‌ಟ್ಯಾಬ್ ತಿದ್ದಿದರೆ ರೀಬೂಟ್ ಆದೊಡನೆ ಅಳಿಸಿಹೋಗುತ್ತದೆ. ತಿದ್ದಬೇಕಾದದ್ದು /ಎಂಎನ್‌ಟಿ/ಹಳೆಮನೆ/ಇಟಿಸಿ/ಎಫ್‌ಎಸ್‌ಟ್ಯಾಬ್. ಮೊದಲು ಅದರ ಪಕ್ಕದಲ್ಲೇ ಬೇರೆ ಹೆಸರಿನಲ್ಲಿ ಒಂದು ಪ್ರತಿ ಇಡಿ.

ಪಾರ್ಟಿಶನ್ ಅನ್ನು ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರಿನಿಂದ ಗುರುತಿಸಬೇಡಿ, ಡಿಸ್ಕುಗಳು ಪತ್ತೆಯಾಗುವ ಕ್ರಮ ಬದಲಾದರೆ ಆ ಹೆಸರುಗಳೂ ಅದಲುಬದಲಾಗಬಹುದು. ‘ಬಿಎಲ್‌ಕೆಐಡಿ’ ಕಮಾಂಡ್ ತೋರಿಸುವ ಯುಯುಐಡಿಯನ್ನೇ, ಅಂದರೆ ಪ್ರತಿ ಫೈಲ್‌ಸಿಸ್ಟಮ್‌ಗೂ ಇರುವ ಪ್ರತ್ಯೇಕ ಗುರುತನ್ನೇ, ಬಳಸಿ. ಎಫ್‌ಎಸ್‌ಟ್ಯಾಬ್‌ನ ಸಾಲಿನಲ್ಲಿ ಆರು ಭಾಗಗಳಿವೆ: ಮೊದಲು ದೊಡ್ಡ ಅಕ್ಷರಗಳಲ್ಲಿ ಯುಯುಐಡಿ ಎಂದು ಬರೆದು ಸಮ ಚಿಹ್ನೆಯ ಮುಂದೆ ಅದರ ಬೆಲೆ, ಆಮೇಲೆ /ಹೋಮ್, ಆಮೇಲೆ ಇಎಕ್ಸ್‌ಟಿ4, ಆಮೇಲೆ ಡಿಫಾಲ್ಟ್ಸ್, ಆಮೇಲೆ 0, ಕೊನೆಗೆ 2. ಕೊನೆಯ ಅಂಕಿ ಬೂಟ್ ಸಮಯದ ತಪಾಸಣೆಯ ಕ್ರಮ. ರೂಟ್‌ಗೆ 1, ಉಳಿದವಕ್ಕೆ 2. ಹಲವರು ಬಳಸುವ ಲ್ಯಾಬ್ ಯಂತ್ರವಾದರೆ ಡಿಫಾಲ್ಟ್ಸ್ ಜೊತೆಗೆ ಅಲ್ಪವಿರಾಮ ಹಾಕಿ ನೋಸುಯ್ಡ್, ನೋಡೆವ್ ಎಂಬುದನ್ನೂ ಸೇರಿಸಬಹುದು.

ಯುಯುಐಡಿಯನ್ನು ನಕಲು ಮಾಡಿ ಅಂಟಿಸಬೇಕು, ಕಣ್ಣಲ್ಲಿ ನೋಡಿ ಟೈಪ್ ಮಾಡಬಾರದು. ಅಡ್ಡಗೆರೆಗಳೂ ಸೇರಿ ಅದರಲ್ಲಿ 36 ಚಿಹ್ನೆಗಳಿವೆ. ನಾನು ಒಮ್ಮೆ ಟೈಪ್ ಮಾಡಿ 8 ಇರುವಲ್ಲಿ ಬಿ ಹಾಕಿದ್ದೆ. ಬೂಟ್ ಆಗುವಾಗ ಸಿಸ್ಟಮ್ ಇಲ್ಲದ ಪಾರ್ಟಿಶನ್‌ಗಾಗಿ 90 ಸೆಕೆಂಡು ಕಾದು, ಎಮರ್ಜೆನ್ಸಿ ಮೋಡ್‌ಗೆ ಇಳಿದು, ರೂಟ್ ಖಾತೆಗೆ ಬೀಗ ಹಾಕಿದೆ ಎಂದು ಹೇಳಿ ನಿಂತುಬಿಟ್ಟಿತು. ಉಬುಂಟುವಿನಲ್ಲಿ ರೂಟ್ ಖಾತೆಗೆ ಪಾಸ್‌ವರ್ಡ್ ಇರುವುದಿಲ್ಲವಾದ್ದರಿಂದ ಒಳಗೆ ಹೋಗುವ ದಾರಿಯೇ ಇರಲಿಲ್ಲ. ಲೈವ್ ಪೆನ್‌ಡ್ರೈವ್ ಕೈಯಲ್ಲೇ ಇದ್ದದ್ದರಿಂದ ಹತ್ತು ನಿಮಿಷದಲ್ಲಿ ಆ ಒಂದು ಅಕ್ಷರ ಸರಿಯಾಯಿತು. ಕೆಲಸ ಪೂರ್ತಿ ಮುಗಿಯುವವರೆಗೂ ಆ ಪೆನ್‌ಡ್ರೈವ್ ಅನ್ನು ಬೇರೆ ಯಾವುದಕ್ಕೂ ಬಳಸಬೇಡಿ.

ಇಂಥ ಸಂದರ್ಭದಲ್ಲಿ ಬೂಟ್ ನಿಲ್ಲದಿರಲೆಂದು ಕೆಲವರು ನೋಫೇಲ್ ಎಂಬ ಆಯ್ಕೆಯನ್ನು ಹಾಕಿರುತ್ತಾರೆ. ಹೊರಗಿನ ಡಿಸ್ಕಿಗೆ ಅದು ಸರಿ, /ಹೋಮ್‌ಗೆ ನಾನು ಅದನ್ನು ಒಪ್ಪುವುದಿಲ್ಲ. ಹೋಮ್ ಇಲ್ಲದೆಯೇ ಸಿಸ್ಟಮ್ ಮೇಲೆದ್ದರೆ ಬಳಕೆದಾರರು ಲಾಗಿನ್ ಆಗಲಾರರು, ಅಥವಾ ಅಡಿಯಲ್ಲಿರುವ ಖಾಲಿ ಡೈರೆಕ್ಟರಿಯಲ್ಲಿ ಯಾವುದೋ ಪ್ರೋಗ್ರಾಮ್ ಕಡತಗಳನ್ನು ಬರೆದಿಡುತ್ತದೆ. ಅದಕ್ಕಿಂತ ನಿಂತು ತಪ್ಪನ್ನು ಹೇಳುವುದೇ ಮೇಲು.

ಈಗ ಹಳೆಯ ಹೋಮ್ ಅನ್ನು ಪಕ್ಕಕ್ಕೆ ಸರಿಸಬೇಕು, ಅಳಿಸಬಾರದು. ‘ಎಂವಿ’ ಕಮಾಂಡಿನಿಂದ /ಎಂಎನ್‌ಟಿ/ಹಳೆಮನೆ/ಹೋಮ್ ಎಂಬುದರ ಹೆಸರನ್ನು ಹೋಮ್.ಓಲ್ಡ್ ಎಂದು ಬದಲಿಸಿ, ಅದೇ ಜಾಗದಲ್ಲಿ ಹೋಮ್ ಎಂಬ ಖಾಲಿ ಡೈರೆಕ್ಟರಿಯನ್ನು ಮಾಡಿ. ಹೆಸರು ಬದಲಿಸದೆ ಹಾಗೆಯೇ ಮೇಲೆ ಮೌಂಟ್ ಮಾಡಿದರೆ ಹಳೆಯ ಕಡತಗಳು ಹೊಸದರ ಅಡಿಯಲ್ಲಿ ಕಣ್ಣಿಗೆ ಕಾಣದೆ ಉಳಿಯುತ್ತವೆ. ಎಲ್ಲವನ್ನೂ ಸಾಗಿಸಿದ ಮೇಲೂ ರೂಟ್ ತುಂಬಿಯೇ ಇದೆಯಲ್ಲ ಎಂದು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ಎಸ್‌ಇ ಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆ ಇರುವ ಫೆಡೋರಾ, ರೆಡ್ ಹ್ಯಾಟ್ ಬಳಗದವರು ಹಳೆಯ ರೂಟ್‌ನ ಬುಡದಲ್ಲಿ ಚುಕ್ಕಿಯ ಮುಂದೆ ‘ಆಟೋರಿಲೇಬಲ್’ ಎಂಬ ಹೆಸರಿನ ಖಾಲಿ ಕಡತವೊಂದನ್ನು ಮಾಡಿಟ್ಟರೆ, ಮುಂದಿನ ಬೂಟ್‌ನಲ್ಲಿ ಭದ್ರತಾ ಗುರುತುಗಳೆಲ್ಲ ಸರಿಹೋಗುತ್ತವೆ.

ಹಳೆಯ ಉಬುಂಟುವಿನ ಇನ್‌ಸ್ಟಾಲರ್‌ನಲ್ಲಿ ಹೋಮ್ ಅನ್ನು ಗುಪ್ತಲಿಪಿಯಲ್ಲಿಡುವ ಆಯ್ಕೆ ಒತ್ತಿದ್ದವರಿಗೆ ಒಂದು ಮಾತು: ಆ ಕಡತಗಳು ನಿಜವಾಗಿ ಇರುವುದು /ಹೋಮ್‌ನೊಳಗಿನ ಚುಕ್ಕಿ-ಇಕ್ರಿಪ್ಟ್‌ಎಫ್‌ಎಸ್ ಎಂಬ ಅಡಗಿದ ಡೈರೆಕ್ಟರಿಯಲ್ಲಿ. ಮೇಲಿನ ಕ್ರಮದಲ್ಲಿ ಅದು ಗುಪ್ತರೂಪದಲ್ಲೇ ಸಾಗುತ್ತದೆ, ತೆರೆಯಲು ಹೋಗಬೇಡಿ.

ರೀಬೂಟ್ ಆದ ಮೇಲೆ

ಎರಡೂ ಪಾರ್ಟಿಶನ್‌ಗಳನ್ನು ‘ಯುಮೌಂಟ್’ ಮಾಡಿ, ಪೆನ್‌ಡ್ರೈವ್ ತೆಗೆದು ರೀಬೂಟ್ ಮಾಡಿ. ಲಾಗಿನ್ ಆದೊಡನೆ ‘ಫೈಂಡ್‌ಎಂಎನ್‌ಟಿ /ಹೋಮ್’ ಎಂದು ಕೇಳಿ. ಹೊಸ ಪಾರ್ಟಿಶನ್‌ನ ಹೆಸರು ಬಂದರೆ ಮೌಂಟ್ ಆಗಿದೆ, ಏನೂ ಬರದಿದ್ದರೆ ಆಗಿಲ್ಲ. ಆಮೇಲೆ ನಿಮ್ಮ ದಿನನಿತ್ಯದ ಕೆಲಸಗಳನ್ನು ಒಂದೊಂದಾಗಿ ಮಾಡಿ ನೋಡಿ. ಬ್ರೌಸರ್‌ನಲ್ಲಿ ಹಳೆಯ ಲಾಗಿನ್‌ಗಳು ಇವೆಯೇ, ಮೇಲ್ ತೆರೆಯುತ್ತದೆಯೇ, ಕನ್ನಡ ಟೈಪ್ ಆಗುತ್ತದೆಯೇ, ಎಸ್‌ಎಸ್‌ಎಚ್ ಕೀಲಿ ಒಪ್ಪಿಗೆಯಾಗುತ್ತದೆಯೇ, ಹೊಸ ಕಡತ ಉಳಿಸಲು ಬರುತ್ತದೆಯೇ. ಮನೆಯಲ್ಲಿ ಇನ್ನೊಬ್ಬರ ಖಾತೆಯೂ ಇದ್ದರೆ ಅವರನ್ನೂ ಕೂರಿಸಿ ಲಾಗಿನ್ ಮಾಡಿಸಿ.

ಹೋಮ್.ಓಲ್ಡ್ ಅನ್ನು ಕನಿಷ್ಠ ಒಂದು ವಾರ ಬಿಡಿ. ಅಳಿಸುವ ದಿನ ‘ಆರ್‌ಎಂ -ಆರ್‌ಎಫ್ /ಹೋಮ್.ಓಲ್ಡ್’ ಎಂದು ಬರೆದು, ಎಂಟರ್ ಒತ್ತುವ ಮೊದಲು ‘.ಓಲ್ಡ್’ ಇದೆಯೇ, ಅದರ ಹಿಂದೆ ತಪ್ಪಿ ಒಂದು ಖಾಲಿ ಜಾಗ ಬಿದ್ದಿಲ್ಲವೇ ಎಂದು ಕಣ್ಣಿಟ್ಟು ನೋಡಿ. ಖಾಲಿ ಜಾಗ ಬಿದ್ದಿದ್ದರೆ ಆ ಕಮಾಂಡ್ ಅಳಿಸುವುದು ಹೊಸ ಹೋಮ್ ಅನ್ನು.

ಮುಂದೆ ಸಿಸ್ಟಮ್ ಅನ್ನು ಮತ್ತೆ ಹಾಕುವ ದಿನ ಬಂದಾಗ ಇನ್‌ಸ್ಟಾಲರ್‌ನಲ್ಲಿ ಪಾರ್ಟಿಶನ್‌ಗಳನ್ನು ಕೈಯಿಂದ ಹೊಂದಿಸುವ ಆಯ್ಕೆಗೆ ಹೋಗಿ, ರೂಟ್ ಪಾರ್ಟಿಶನ್‌ಗೆ ಫಾರ್ಮ್ಯಾಟ್ ಗುರುತು ಹಾಕಿ, ಹೋಮ್ ಪಾರ್ಟಿಶನ್‌ಗೆ ಮೌಂಟ್ ಪಾಯಿಂಟ್ /ಹೋಮ್ ಎಂದು ಕೊಟ್ಟು ಅದರ ಫಾರ್ಮ್ಯಾಟ್ ಚೌಕ ಖಾಲಿಯಿದೆಯೆಂದು ಖಚಿತಪಡಿಸಿಕೊಳ್ಳಿ. ಬಳಕೆದಾರನ ಹೆಸರು ಮೊದಲಿನದ್ದೇ ಇರಲಿ. ಕಡತಗಳ ಒಡೆತನ ಹೆಸರಿನಲ್ಲಿಲ್ಲ, ಸಂಖ್ಯೆಯಲ್ಲಿದೆ. ಈಗಿನ ಬಹುತೇಕ ಡಿಸ್ಟ್ರೊಗಳಲ್ಲಿ ಮೊದಲ ಬಳಕೆದಾರನಿಗೆ 1000, ಎರಡನೆಯವರಿಗೆ 1001 ಸಿಗುತ್ತದೆ. ಮನೆಯಲ್ಲಿ ಇಬ್ಬರ ಖಾತೆಗಳಿದ್ದರೆ ಹಿಂದೆ ಯಾವ ಕ್ರಮದಲ್ಲಿ ಮಾಡಿದ್ದಿರೋ ಅದೇ ಕ್ರಮದಲ್ಲಿ ಮಾಡಬೇಕು, ಇಲ್ಲದಿದ್ದರೆ ಒಬ್ಬರ ಕಡತಗಳಿಗೆ ಇನ್ನೊಬ್ಬರು ಒಡೆಯರಾಗುತ್ತಾರೆ. ‘ಐಡಿ’ ಎಂಬ ಕಮಾಂಡಿನ ಮುಂದೆ ಬಳಕೆದಾರರ ಹೆಸರು ಕೊಟ್ಟರೆ ಅದು ಅವರ ಸಂಖ್ಯೆಯನ್ನು ತೋರಿಸುತ್ತದೆ. ಅದನ್ನೂ ಅದೇ ಕಾಗದದ ಮೇಲೆ ಬರೆದಿಡಿ.